ಗೇರ್‌ಬಾಕ್ಸ್ ಸವೆದರೆ ಜೀಪು ಗುಜರಿಗೆ ಹೋಗಬೇಕಾಗಿಲ್ಲ

ಸಂಪಾದಕರಿಗೆ,

ಮಾನ್ಯರೇ,

15 ವರ್ಷ ದಾಟಿದ ಲಘು ಮೋಟಾರು ವಾಹನಗಳ ನೋಂದಣಿ ನವೀಕರಣ ಶುಲ್ಕ 2022ರ ಏಪ್ರಿಲ್ 1ರಿಂದ 600 ರೂಪಾಯಿಯಿಂದ 5,000 ರೂಪಾಯಿಗೆ ಏರಿತು. 2025ರ ಆಗಸ್ಟ್ ತಿಂಗಳಲ್ಲಿ 20 ವರ್ಷ ದಾಟಿದ ವಾಹನಗಳಿಗೆ ಅದನ್ನು 10,000 ರೂಪಾಯಿ ಮಾಡಲಾಯಿತು. ಅಲ್ಲಿಂದೀಚೆಗೆ ತೀರ್ಥಹಳ್ಳಿ, ಹೊಸನಗರ, ಸಾಗರದ ಕಡೆಯ ಮನೆಗಳಲ್ಲಿ ಹಳೆಯ ಫೋರ್ ವೀಲ್ ಜೀಪನ್ನು ಇಟ್ಟುಕೊಳ್ಳುವುದೋ, ಗುಜರಿಗೆ ಕೊಟ್ಟುಬಿಡುವುದೋ ಎಂಬ ಮಾತು ನಡೆಯುತ್ತಲೇ ಇದೆ. ಕೊಟ್ಟವರನ್ನು ವಿಚಾರಿಸಿದರೆ ಅನೇಕರು ಹೇಳುವ ಕಾರಣ ಶುಲ್ಕವಲ್ಲ, ಎಂಜಿನ್ನೂ ಅಲ್ಲ. ಗೇರ್‌ಬಾಕ್ಸ್ ಹೋಗಿತ್ತು, ಎಷ್ಟು ಸಲ ಮಾಡಿಸಿದರೂ ನಿಲ್ಲಲಿಲ್ಲ ಎನ್ನುತ್ತಾರೆ. ಎಷ್ಟು ಸಲ ಮಾಡಿಸಿದರೂ ಎಂಬ ಆ ಮಾತಿನಲ್ಲೇ ತೊಂದರೆಯ ಬೇರು ಇದೆ ಎಂಬುದು ನನ್ನ ಅಭಿಪ್ರಾಯ. ಸವೆದ ಗೇರ್‌ಬಾಕ್ಸನ್ನು ನಮ್ಮಲ್ಲಿ ಬಿಚ್ಚಿ ಮುಚ್ಚುವುದೇ ಹೆಚ್ಚು. ಸದ್ದು ಮಾಡಿದ ಒಂದು ಬೇರಿಂಗ್ ಬದಲಿಸಿ ಕಳಿಸುವುದು ಒಂದು ಕೆಲಸ. ಒಳಗಿರುವ ಪ್ರತಿಯೊಂದು ಭಾಗವನ್ನು ತೊಳೆದು, ಅಳೆದು, ಅಳತೆ ಮೀರಿದ್ದನ್ನೆಲ್ಲ ಒಮ್ಮೆಗೇ ಹೊಸದು ಹಾಕಿ ಜೋಡಿಸುವುದು ಬೇರೆಯೇ ಕೆಲಸ. ಈ ಎರಡನೆಯ ಕೆಲಸವನ್ನು ಮಾಡಿಸಿ ನೋಡದೆ ಯಾರೂ ಜೀಪನ್ನು ಗುಜರಿಗೆ ಹಾಕಬಾರದು ಎಂದು ಕೇಳಿಕೊಳ್ಳಲು ಈ ಪತ್ರ ಬರೆಯುತ್ತಿದ್ದೇನೆ.

ಮಲೆನಾಡಿನ ತೋಟದ ಮನೆಗೆ ಜೀಪು ಏಕೆ ಬೇಕೆಂದು ಇಲ್ಲಿನವರಿಗೆ ಹೇಳಬೇಕಾಗಿಲ್ಲ. ಡಾಂಬರು ರಸ್ತೆ ಬಿಟ್ಟು ಗುಡ್ಡದ ಬದಿಯ ಮಣ್ಣಿನ ದಾರಿಗೆ ಇಳಿದ ಮೇಲೆ ಗೊಬ್ಬರ, ಬೋರ್ಡೋ ದ್ರಾವಣದ ಡ್ರಮ್ಮು, ಕೊಯ್ದ ಅಡಿಕೆ ಗೊನೆ, ಕೆಲವೊಮ್ಮೆ ಆಸ್ಪತ್ರೆಗೆ ಹೋಗಬೇಕಾದ ರೋಗಿ, ಎಲ್ಲವೂ ಅದರಲ್ಲೇ ಬರಬೇಕು. ಮಹೀಂದ್ರ ಕಂಪನಿಯು 1947ರಲ್ಲಿ ಮುಂಬೈಯಲ್ಲಿ ವಿಲ್ಲಿಸ್ ಜೀಪುಗಳನ್ನು ಜೋಡಿಸಲು ಆರಂಭಿಸಿದ ಮೇಲೆ ಅದೇ ವಂಶದ ಗಾಡಿಗಳು ಹಲವು ದಶಕಗಳ ಕಾಲ ತಯಾರಾದವು. ಅವುಗಳಲ್ಲಿ ಎಷ್ಟೋ ಗಾಡಿಗಳು ಇಂದಿಗೂ ನಮ್ಮ ಕೊಟ್ಟಿಗೆಯ ಪಕ್ಕದ ಶೆಡ್ಡುಗಳಲ್ಲಿವೆ. ಹಳೆಯ ಮಾದರಿಗಳಲ್ಲಿ ಮೂರು ಗೇರಿನ ಪೆಟ್ಟಿಗೆ, ಅದರ ಬೆನ್ನಿಗೇ ಎಂಜಿನ್ನಿನ ಬಲವನ್ನು ಮುಂದಿನ, ಹಿಂದಿನ ಚಕ್ರಗಳಿಗೆ ಹಂಚುವ, ಎರಡು ಸಣ್ಣ ಲಿವರುಗಳ ಟ್ರಾನ್ಸ್‌ಫರ್ ಕೇಸ್ ಇರುತ್ತದೆ. ಎರಡಕ್ಕೂ ಎರಕದ ಕಬ್ಬಿಣದ ದಪ್ಪ ಹೊರಕವಚ. ಈ ಕವಚ ಒಡೆಯುವುದು ಅಪರೂಪ. ಸವೆಯುವುದು ಒಳಗಿನ ಬೇರಿಂಗ್, ಶಾಫ್ಟ್, ವಾಷರ್, ಗೇರು ಸಲೀಸಾಗಿ ಬೀಳುವಂತೆ ಮಾಡುವ ಹಿತ್ತಾಳೆ ರಿಂಗ್, ಗೇರು ಬದಲಿಸುವ ಫೋರ್ಕ್ ಮತ್ತು ಕೆಲವು ಗೇರುಗಳು. ಬದಲಿಸಲೆಂದೇ ಮಾಡಿದ ಭಾಗಗಳು ಸವೆದಿರುವಾಗ ಇಡೀ ಗಾಡಿಯನ್ನೇ ಕಬ್ಬಿಣದ ತೂಕಕ್ಕೆ ಕೊಡುವುದು ನನಗೆ ಸರಿಕಾಣುವುದಿಲ್ಲ.

ನಮ್ಮ ಭಾಗದ ಬಳಕೆಯಲ್ಲಿ ಈ ಸವೆತಕ್ಕೆ ಕೆಲವು ನಿರ್ದಿಷ್ಟ ಕಾರಣಗಳಿವೆ. ಈ ಜೀಪುಗಳಲ್ಲಿ ಮುಂದಿನ ಮತ್ತು ಹಿಂದಿನ ಚಕ್ರಗಳ ನಡುವೆ ವೇಗದ ವ್ಯತ್ಯಾಸಕ್ಕೆ ಎಡೆ ಕೊಡುವ ಡಿಫರೆನ್ಷಿಯಲ್ ಇರುವುದಿಲ್ಲವಾದ್ದರಿಂದ, ಫೋರ್ ವೀಲ್ ಹಾಕಿದಾಗ ಚಕ್ರಗಳಿಗೆ ಬಲ ಒಯ್ಯುವ ಮುಂದಿನ ಮತ್ತು ಹಿಂದಿನ ಪ್ರೊಪೆಲ್ಲರ್ ಶಾಫ್ಟುಗಳು ಒಂದೇ ವೇಗದಲ್ಲಿ ತಿರುಗಲೇಬೇಕು. ತಿರುವಿನಲ್ಲಿ ಮುಂದಿನ ಚಕ್ರಗಳು ಹಿಂದಿನವುಗಳಿಗಿಂತ ಹೆಚ್ಚು ದೂರ ಉರುಳುತ್ತವೆ. ಕೆಸರಿನಲ್ಲಾದರೆ ಚಕ್ರ ಸ್ವಲ್ಪ ಜಾರಿ ಆ ವ್ಯತ್ಯಾಸ ಕಳೆದುಹೋಗುತ್ತದೆ. ಒಣಗಿದ ಡಾಂಬರಿನ ಮೇಲೆ ಜಾರಲು ಎಡೆಯಿಲ್ಲದೆ ಆ ತಿರುಚು ಬಲವೆಲ್ಲ ಟ್ರಾನ್ಸ್‌ಫರ್ ಕೇಸಿನ ಹಲ್ಲುಗಳ ಮೇಲೂ ಬೇರಿಂಗುಗಳ ಮೇಲೂ ಕೂರುತ್ತದೆ. ತೋಟದಿಂದ ಹತ್ತಿ ಬಂದವರು ಮುಖ್ಯ ರಸ್ತೆಗೆ ಸೇರಿದ ಮೇಲೂ ಫೋರ್ ವೀಲ್ ತೆಗೆಯದೆ ಪೇಟೆಯವರೆಗೆ ಓಡಿಸುವುದನ್ನು ನಾನು ಬೇಕಾದಷ್ಟು ನೋಡಿದ್ದೇನೆ. ಹಾಗೆ ಓಡಿಸಿದ ಗಾಡಿಯಲ್ಲಿ ಲಿವರ್ ಬಿಗಿಯಾಗಿ ಹಿಡಿದುಕೊಂಡು ಹೊರಗೆ ಬಾರದೇ ಇರುವುದು ಈ ತಿರುಚು ಬಲದಿಂದಲೇ. ಆಗ ಲಿವರನ್ನು ಕಾಲಿನಿಂದ ಒದ್ದು ಬಿಡಿಸುವ ಬದಲು ಗಾಡಿಯನ್ನು ಸ್ವಲ್ಪ ಹಿಂದಕ್ಕೆ ತೆಗೆದುಕೊಂಡರೆ ಅದು ತಾನಾಗಿ ಸಡಿಲವಾಗುತ್ತದೆ.

ಎರಡನೆಯ ಕಾರಣ ನೀರು. ಆಗುಂಬೆಯಲ್ಲಿ ವರ್ಷಕ್ಕೆ ಸರಾಸರಿ 7,000 ಮಿಲಿಮೀಟರಿಗೂ ಹೆಚ್ಚು ಮಳೆ ಬೀಳುತ್ತದೆ; ಸುತ್ತಲಿನ ಊರುಗಳಲ್ಲಿ ಹಳ್ಳ ದಾಟದೆ ಮನೆ ಸೇರಲಾಗದ ದಾರಿಗಳು ಈಗಲೂ ಇವೆ. ಓಡಿ ಬಿಸಿಯಾದ ಗೇರ್‌ಬಾಕ್ಸ್ ಹಳ್ಳದ ತಣ್ಣೀರಿಗೆ ಇಳಿದಾಗ ಒಳಗಿನ ಗಾಳಿ ಕುಗ್ಗಿ, ಸವೆದ ಆಯಿಲ್ ಸೀಲಿನ ಮೂಲಕ ನೀರನ್ನು ಒಳಕ್ಕೆ ಎಳೆದುಕೊಳ್ಳುತ್ತದೆ. ಆಯಿಲ್ ಹಾಲು ಬೆರೆಸಿದಂತೆ ಬೆಳ್ಳಗಾಗಿದ್ದರೆ ನೀರು ಸೇರಿದೆ ಎಂದೇ ಅರ್ಥ. ಅದನ್ನು ಬದಲಿಸದೆ ಮಳೆಗಾಲ ಪೂರ್ತಿ ಗಾಡಿಯನ್ನು ಶೆಡ್ಡಿನಲ್ಲಿ ನಿಲ್ಲಿಸಿದರೆ ಬೇರಿಂಗಿನ ಗುಂಡುಗಳು ತುಕ್ಕು ಹಿಡಿಯುತ್ತವೆ. ದೀಪಾವಳಿಯ ಹೊತ್ತಿಗೆ, ಅಡಿಕೆ ಕೊಯ್ಲಿಗೆಂದು ಗಾಡಿ ಹೊರತೆಗೆದಾಗ ಗೊರಗೊರ ಸದ್ದು ಶುರುವಾಗುತ್ತದೆ.

ಸದ್ದನ್ನಾದರೂ ಸಹಿಸಬಹುದು, ಗೇರು ಜಾರುವುದನ್ನು ಸಹಿಸಬಾರದು. ಆಗುಂಬೆ ಘಾಟಿಯಲ್ಲೋ ಹುಲಿಕಲ್ ಘಾಟಿಯಲ್ಲೋ ಇಳಿಯುವಾಗ ಆಕ್ಸಿಲರೇಟರಿನಿಂದ ಕಾಲು ತೆಗೆದ ಕ್ಷಣದಲ್ಲಿ ಗೇರು ತಾನಾಗಿ ನ್ಯೂಟ್ರಲ್‌ಗೆ ಬಂದುಬಿಟ್ಟರೆ, ಎಂಜಿನ್ನಿನ ಹಿಡಿತ ತಪ್ಪಿ ಗಾಡಿಯ ಭಾರವೆಲ್ಲ ಬ್ರೇಕಿನ ಮೇಲೆ ಬೀಳುತ್ತದೆ. ಇದನ್ನು ತಡೆಯಲು ಹಳೆಯ ಟ್ಯೂಬನ್ನು ಸೀಳಿ ಗೇರ್ ಲಿವರನ್ನು ಸೀಟಿನ ಕಂಬಿಗೆ ಎಳೆದು ಕಟ್ಟುವವರಿದ್ದಾರೆ. ಅಂಗೈಯಿಂದ ಲಿವರನ್ನು ಅದುಮಿ ಹಿಡಿದೇ ಘಾಟಿ ಇಳಿಸುವ ಚಾಲಕರೂ ಇದ್ದಾರೆ. ಎರಡೂ ಅಪಾಯಕಾರಿ, ಮೇಲಾಗಿ ಎರಡರಿಂದಲೂ ಸವೆತ ಹೆಚ್ಚುತ್ತದೆ. ಹಾಗೆ ಅದುಮಿದಾಗ ಫೋರ್ಕು ತಿರುಗುತ್ತಿರುವ ಸ್ಲೀವಿನ (ಬಳೆಯಂಥ ಭಾಗದ) ತೋಡಿಗೆ ಸದಾ ಉಜ್ಜುತ್ತ ದಿನದಿಂದ ದಿನಕ್ಕೆ ತೆಳ್ಳಗಾಗುತ್ತದೆ. ಇನ್ನೊಂದು ಸಂಗತಿಯನ್ನು ಕೆಲವೇ ಜನ ಗಮನಿಸುತ್ತಾರೆ. ಹಳೆಯ ಜೀಪುಗಳಲ್ಲಿ ಹ್ಯಾಂಡ್ ಬ್ರೇಕಿನ ಡ್ರಮ್ ಇರುವುದು ಹಿಂದಿನ ಚಕ್ರದಲ್ಲಲ್ಲ, ಟ್ರಾನ್ಸ್‌ಫರ್ ಕೇಸಿನ ಹಿಂಬದಿಯಲ್ಲಿ. ಅಲ್ಲಿನ ಆಯಿಲ್ ಸೀಲ್ ಸೋರಿದರೆ ಆಯಿಲ್ ನೇರವಾಗಿ ಆ ಬ್ರೇಕಿನ ಲೈನಿಂಗಿಗೆ ಇಳಿದು, ಇಳಿಜಾರಿನಲ್ಲಿ ನಿಲ್ಲಿಸಿದ ಗಾಡಿಯನ್ನು ಹ್ಯಾಂಡ್ ಬ್ರೇಕ್ ಹಿಡಿಯುವುದಿಲ್ಲ. ಕೊಡಚಾದ್ರಿಯಂಥ ಕಡಿದಾದ ಕಚ್ಚಾ ದಾರಿಯಲ್ಲಿ ದಿನವಿಡೀ ಜನರನ್ನು ಹೊತ್ತು ಹತ್ತಿಳಿಯುವ ಜೀಪುಗಳ ಮಾಲೀಕರು ಈ ಒಂದು ಸೀಲನ್ನು ವರ್ಷಕ್ಕೊಮ್ಮೆಯಾದರೂ ನೋಡಿಸಬೇಕು.

ಗೇರ್‌ಬಾಕ್ಸ್ ಇಳಿಸುವ ಮೊದಲೇ ತಿಳಿದುಕೊಳ್ಳಬಹುದಾದ ವಿಷಯಗಳು ಸಾಕಷ್ಟಿವೆ. ಗಾಡಿ ನಿಂತಿರುವಾಗ ನ್ಯೂಟ್ರಲ್‌ನಲ್ಲಿ ಸದ್ದು ಬಂದು, ಕ್ಲಚ್ ಒತ್ತಿದ ಕೂಡಲೇ ಅದು ನಿಂತರೆ, ಎಂಜಿನ್ ಕಡೆಯಿಂದ ಬರುವ ಟಾಪ್ ಶಾಫ್ಟಿನ ಬೇರಿಂಗಿನ ಮೇಲೆ ಅಥವಾ ಕೆಳಗಿನ ಲೇ ಶಾಫ್ಟಿನ ಮೇಲೆ ಅನುಮಾನ ಪಡಬೇಕು. ಟಾಪ್ ಗೇರಿನಲ್ಲಿ ಶಾಂತವಾಗಿದ್ದು ಉಳಿದ ಗೇರುಗಳಲ್ಲೆಲ್ಲ ಕೂಗಿದರೆ ಅನುಮಾನ ಲೇ ಶಾಫ್ಟಿನ ಕಡೆಗೇ ಹೋಗುತ್ತದೆ, ಏಕೆಂದರೆ ಟಾಪಿನಲ್ಲಿ ಶಕ್ತಿ ನೇರವಾಗಿ ಹಾದುಹೋಗುವುದರಿಂದ ಲೇ ಶಾಫ್ಟ್ ಭಾರವಿಲ್ಲದೆ ಸುಮ್ಮನೆ ತಿರುಗುತ್ತಿರುತ್ತದೆ. ಒಂದೇ ಗೇರಿನಲ್ಲಿ ಸದ್ದಾದರೆ ಆ ಗೇರಿನ ಜೋಡಿಯನ್ನು ನೋಡಬೇಕು. ಒತ್ತಿದಾಗ ಕ್ಲಚ್ ಪೂರ್ತಿ ಬಿಡದಿದ್ದರೂ ಗೇರ್ ಬೀಳುವಾಗ ಕಿರುಗುಟ್ಟುತ್ತದೆ. ಹೌಸಿಂಗಿನ ಬೋಲ್ಟು ಸಡಿಲವಾಗಿದ್ದರೂ ಮೌಂಟಿಂಗಿನ ರಬ್ಬರು ಕುಸಿದಿದ್ದರೂ ಗೇರು ಜಾರುತ್ತದೆ. ಇವನ್ನು ಮೊದಲು ನೋಡಿಕೊಳ್ಳದೆ ಪೆಟ್ಟಿಗೆ ಇಳಿಸುವ ಮೆಕ್ಯಾನಿಕ್ಕಿನ ಕೈಗೆ ಗಾಡಿ ಕೊಡದಿರುವುದೇ ಒಳ್ಳೆಯದು. ಆಯಿಲ್ ಇಳಿಸುವಾಗ ಪಕ್ಕದಲ್ಲಿ ನಿಂತು ನೋಡಿದರೂ ಬಹಳಷ್ಟು ತಿಳಿಯುತ್ತದೆ. ತಳದಲ್ಲಿ ಹೊಂಬಣ್ಣದ ಪುಡಿ ಕಂಡರೆ ಅದು ಹಿತ್ತಾಳೆಯ ಸಿಂಕ್ರೊ ರಿಂಗಿನದೋ ಕಂಚಿನ ವಾಷರಿನದೋ ಆಗಿರುತ್ತದೆ. ಆಯಸ್ಕಾಂತಕ್ಕೆ ಅಂಟುವ ಚೂಪಾದ ಚಕ್ಕೆ ಕಂಡರೆ ಬೇರಿಂಗ್ ಅಥವಾ ಗೇರಿನ ಹಲ್ಲು ಉದುರುತ್ತಿದೆ.

ನಮ್ಮ ಮನೆಯ ಜೀಪು ತಂದೆಯವರ ಕಾಲದ್ದು. ಅದರ ಪೆಟ್ಟಿಗೆಯನ್ನು ಹಿಂದೆ ಬೇರೆ ಬೇರೆ ಕಡೆ ಬಿಚ್ಚಿ, ಪ್ರತಿ ಸಲವೂ ಒಂದೆರಡು ಬೇರಿಂಗ್ ಮಾತ್ರ ಬದಲಿಸಿ ಮುಚ್ಚಿದ್ದರು. ಕೆಲವೇ ತಿಂಗಳಲ್ಲಿ ಎರಡನೇ ಗೇರು ಮತ್ತೆ ಜಾರತೊಡಗುತ್ತಿತ್ತು. ಕೊನೆಗೆ ಶಿವಮೊಗ್ಗದ ಹಿರಿಯ ಮೆಕ್ಯಾನಿಕ್ ಒಬ್ಬರು ಅದನ್ನು ಪೂರ್ತಿ ಬಿಚ್ಚಿ, ಸೀಮೆಎಣ್ಣೆಯಲ್ಲಿ ತೊಳೆದು, ಬಿಳಿಯ ಬಟ್ಟೆಯ ಮೇಲೆ ಬಿಚ್ಚಿದ ಕ್ರಮದಲ್ಲೇ ಸಾಲಾಗಿ ಇಟ್ಟರು. ಲೇ ಶಾಫ್ಟನ್ನು ನನ್ನ ಕೈಗೆ ಕೊಟ್ಟು, ಸೂಜಿ ಬೇರಿಂಗ್ ಓಡುವ ಜಾಗದಲ್ಲಿ ಉಗುರು ಎಳೆಯಲು ಹೇಳಿದರು. ಕಣ್ಣಿಗೆ ಬರೀ ಹೊಳಪಾಗಿ ಕಾಣುತ್ತಿದ್ದ ಆ ಜಾಗದ ಒಂದು ಬದಿಯಲ್ಲಿ ಉಗುರು ಸ್ಪಷ್ಟವಾಗಿ ತಡೆಯಿತು. ಹೊಸ ಬೇರಿಂಗನ್ನು ಪ್ರತಿ ಸಲವೂ ಆ ಗುಂಡಿ ಬಿದ್ದ ಶಾಫ್ಟಿನ ಮೇಲೆಯೇ ಕೂರಿಸಲಾಗಿತ್ತು. ಎರಡನೇ ಗೇರಿನ ಸಣ್ಣ ಹಲ್ಲುಗಳ ತುದಿ ಮೊಂಡಾಗಿ ದುಂಡಗಾಗಿತ್ತು. ಹಿತ್ತಾಳೆ ರಿಂಗನ್ನು ಅದರ ಕೋನಿನ ಮೇಲೆ ಒತ್ತಿ ಫೀಲರ್ ಗೇಜ್ (ಸಂದು ಅಳೆಯುವ ತೆಳು ಲೋಹದ ಎಲೆಗಳು) ತೂರಿಸಿದಾಗ ಅತ್ಯಂತ ತೆಳುವಾದ ಎಲೆಯೂ ಒಳಗೆ ಹೋಗಲಿಲ್ಲ, ಅಂದರೆ ರಿಂಗು ಸವೆದು ಗೇರಿಗೇ ತಾಗಿ ಕುಳಿತಿತ್ತು. ಮೇಲಿನ ಮುಚ್ಚಳದಲ್ಲಿ ಲಿವರಿನ ಕಡ್ಡಿಯನ್ನು ಜಾಗದಲ್ಲಿ ಹಿಡಿಯುವ ಉಕ್ಕಿನ ಗುಂಡುಗಳ ಸ್ಪ್ರಿಂಗುಗಳು ಹೊಸದಕ್ಕಿಂತ ಗಿಡ್ಡವಾಗಿದ್ದವು. ಹೀಗೆ ಗೇರು ಜಾರುವುದಕ್ಕೆ ಒಂದಲ್ಲ, ಹಲವು ಕಾರಣಗಳು ಒಟ್ಟಿಗೆ ಇದ್ದವು, ಮತ್ತು ಒಂದನ್ನು ಸರಿಪಡಿಸಿ ಉಳಿದವನ್ನು ಬಿಟ್ಟಿದ್ದರಿಂದ ಹೊಸದಾಗಿ ಹಾಕಿದ ಭಾಗವನ್ನೂ ಹಳೆಯವು ತಿಂದುಹಾಕುತ್ತಿದ್ದವು.

ಭಾಗಗಳನ್ನು ಬದಲಿಸುವಾಗ ಖರ್ಚು ಉಳಿಸಲು ನಡೆಯುವ ಕೆಲವು ರೂಢಿಗಳ ಬಗ್ಗೆ ಖಂಡಿತವಾಗಿ ಹೇಳಲೇಬೇಕು. ಒಂದಕ್ಕೊಂದು ಕೂಡಿ ಓಡಿದ ಎರಡು ಗೇರುಗಳಲ್ಲಿ ಒಂದನ್ನು ಮಾತ್ರ ಹೊಸದು ಹಾಕಿದರೆ ಸದ್ದು ನಿಲ್ಲುವುದಿಲ್ಲ. ಹಳೆಯ ಹಲ್ಲಿನ ಸವೆದ ರೂಪಕ್ಕೆ ಹೊಸ ಹಲ್ಲು ಹೊಂದುವುದಿಲ್ಲ, ಆದ್ದರಿಂದ ಜೋಡಿಯಾಗಿಯೇ ಬದಲಿಸಬೇಕು. ಮೊಂಡಾದ ಹಲ್ಲಿಗೆ ವೆಲ್ಡಿಂಗ್ ತುಂಬಿ ಗ್ರೈಂಡರಿನಿಂದ ರೂಪ ಕೊಡುವ ಪದ್ಧತಿಯನ್ನು ನಾನು ಪೂರ್ತಿ ವಿರೋಧಿಸುತ್ತೇನೆ. ಗೇರಿನ ಹಲ್ಲಿನ ಒಳಭಾಗ ಏಟು ತಾಳುವಷ್ಟು ಮೆತುವಾಗಿದ್ದು, ಹೊರಗೆ ಮಾತ್ರ ತೆಳ್ಳನೆಯ ಗಟ್ಟಿ ಪದರ ಇರುತ್ತದೆ. ಇಂಗಾಲ ಹೀರಿಸಿ, ಕಾಯಿಸಿ, ತಣಿಸಿ ಆ ಪದರವನ್ನು ಹದಗೊಳಿಸಿರುತ್ತಾರೆ. ವೆಲ್ಡಿಂಗಿನ ಬಿಸಿಗೆ ಆ ಹದ ಕೆಡುತ್ತದೆ. 1918ರಲ್ಲಿ ಸ್ಥಾಪನೆಗೊಂಡು 1923ರಲ್ಲಿ ಉತ್ಪಾದನೆ ಆರಂಭಿಸಿದ, ಮುಂದೆ ಮಿಶ್ರಲೋಹದ ಉಕ್ಕನ್ನೂ ತಯಾರಿಸಿದ ಭದ್ರಾವತಿ ಕಾರ್ಖಾನೆಯ ಜಿಲ್ಲೆಯಲ್ಲಿ ಉಕ್ಕಿನ ಹದದ ಬಗ್ಗೆ ತಿಳಿದ ಹಿರಿಯರಿಗೆ ಕೊರತೆಯಿಲ್ಲ. ಅವರಲ್ಲಿ ಯಾರನ್ನು ಕೇಳಿದರೂ ಇದನ್ನೇ ಹೇಳುತ್ತಾರೆ.

ಗುಜರಿಯಿಂದ ಇಡೀ ಗೇರ್‌ಬಾಕ್ಸ್ ತಂದು ಕೂರಿಸುವುದು ಅಗ್ಗವೆಂದು ಕಾಣುತ್ತದೆ. ಆದರೆ ಅದು ಯಾವ ಗಾಡಿಯಲ್ಲಿ, ಎಷ್ಟು ಭಾರ ಹೊತ್ತು, ಯಾವ ಆಯಿಲಿನಲ್ಲಿ ಓಡಿತ್ತೆಂದು ಮಾರುವವನಿಗೂ ತಿಳಿದಿರುವುದಿಲ್ಲ. ಪೆಟ್ರೋಲ್ ಎಂಜಿನ್ ತೆಗೆದು ಡೀಸೆಲ್ ಎಂಜಿನ್ ಕೂರಿಸಿದ ಗಾಡಿಗಳೇ ನಮ್ಮಲ್ಲಿ ಹೆಚ್ಚಿರುವುದರಿಂದ ಟಾಪ್ ಶಾಫ್ಟಿನ ಉದ್ದ, ಸ್ಪ್ಲೈನುಗಳ (ಶಾಫ್ಟಿನ ಮೇಲಿನ ಉದ್ದುದ್ದ ಹಲ್ಲುಗಳ) ಸಂಖ್ಯೆ, ಹೌಸಿಂಗಿನ ತೂತುಗಳು ಹೊಂದುತ್ತವೆಯೇ ಎಂಬುದನ್ನೂ ನೋಡಬೇಕು. ಗುಜರಿಯ ಪೆಟ್ಟಿಗೆಯಿಂದ ಆಗುವ ಉಪಯೋಗ ಬೇರೆ ಇದೆ: ಒಳ್ಳೆಯ ಕವಚ, ಒಳ್ಳೆಯ ಗೇರಿನ ಜೋಡಿ ಸಿಕ್ಕರೆ ಅವನ್ನು ಅಳೆದು ನೋಡಿ ನಮ್ಮ ಪೆಟ್ಟಿಗೆಗೆ ಬಳಸಬಹುದು.

ಜೋಡಣೆಯಲ್ಲಿ ತಾಳ್ಮೆಯೇ ಮುಖ್ಯ. ಲೇ ಶಾಫ್ಟಿನ ಗೇರಿನೊಳಗೆ ಸೂಜಿ ಬೇರಿಂಗಿನ ಕಡ್ಡಿಗಳನ್ನು ಗ್ರೀಸಿನಲ್ಲಿ ಅಂಟಿಸಿ, ಗೇರಿನಷ್ಟೇ ಉದ್ದದ ತಾತ್ಕಾಲಿಕ ಶಾಫ್ಟೊಂದನ್ನು ಲೇತಿನಲ್ಲಿ ಮಾಡಿಸಿ ಒಳಗಿಟ್ಟು, ನಿಜವಾದ ಶಾಫ್ಟಿನಿಂದ ಅದನ್ನು ಹೊರದೂಡುತ್ತ ಕೂರಿಸಿದರೆ ಕಡ್ಡಿಗಳು ಜಾರಿ ಬೀಳುವುದಿಲ್ಲ. ಒಂದು ಕಡ್ಡಿ ಪೆಟ್ಟಿಗೆಯ ತಳಕ್ಕೆ ಬಿದ್ದಿದ್ದರೂ ಅದು ಎಂದಾದರೂ ಒಂದು ದಿನ ಗೇರಿನ ಬಾಯಿಗೆ ಸಿಕ್ಕಿಯೇ ಸಿಗುತ್ತದೆ. ಎರಡೂ ತುದಿಯ ವಾಷರುಗಳನ್ನು ಹಾಕಿದ ಮೇಲೆ ಲೇ ಗೇರು ಹಿಂದುಮುಂದೆ ಅಲುಗುವ ಸಂದನ್ನು ಅಳೆಯಬೇಕು. ವಿಲ್ಲಿಸ್ ವಂಶದ ಮೂರು ಗೇರಿನ ಪೆಟ್ಟಿಗೆಯಲ್ಲಿ ಆ ಸಂದು ಇಂಚಿನ ಸಾವಿರ ಭಾಗಗಳಲ್ಲಿ 12ರಿಂದ 18 ಭಾಗ, ಅಂದರೆ ಸುಮಾರು 0.30ರಿಂದ 0.46 ಮಿಲಿಮೀಟರ್ ಇರಬೇಕು. ಅದಕ್ಕಿಂತ ಹೆಚ್ಚಾದರೆ ಗೇರು ಓಲಾಡಿ ಹಲ್ಲು ಕಚ್ಚುವ ಜಾಗ ತಪ್ಪುತ್ತದೆ. ಕಡಿಮೆಯಾದರೆ ಬಿಸಿಗೆ ಹಿಗ್ಗಿ ಬಿಗಿಯುತ್ತದೆ. ಮೇನ್ ಶಾಫ್ಟಿನ ಬಾಲ ಟ್ರಾನ್ಸ್‌ಫರ್ ಕೇಸಿನೊಳಕ್ಕೆ ಹೋಗಿ ಅಲ್ಲೊಂದು ಗೇರನ್ನು ಹೊರುತ್ತದೆ. ಆ ಗೇರನ್ನು ಹಿಡಿಯುವ ನಟ್ಟನ್ನು ಬಿಗಿದು ಹೊಸ ಪಿನ್ ಹಾಕದೆ ಹಳೆಯ ಪಿನ್ನನ್ನೇ ಬಗ್ಗಿಸಿ ಬಿಡುವುದುಂಟು. ಮುಂದೆ ನಟ್ಟು ಸಡಿಲವಾದರೆ ಪೆಟ್ಟಿಗೆಗಳನ್ನು ಮತ್ತೆ ಇಳಿಸಬೇಕಾಗುತ್ತದೆ. ಟ್ರಾನ್ಸ್‌ಫರ್ ಕೇಸನ್ನೂ ಅದೇ ಸಲ ಬಿಚ್ಚಿ, ನಡುವಿನ ಶಾಫ್ಟನ್ನೂ ಅದರ ಸೂಜಿ ಬೇರಿಂಗುಗಳನ್ನೂ ನೋಡಿಸಬೇಕು. ಲೋ ಹಾಕಿದಾಗ ಬಲವನ್ನು ಸುಮಾರು ಎರಡೂವರೆ ಪಟ್ಟು ಹೆಚ್ಚಿಸಿ ಚಕ್ರಕ್ಕೆ ಕೊಡುವುದು ಅಲ್ಲಿನ ಗೇರುಗಳೇ. ಗೇರ್‌ಬಾಕ್ಸ್ ಹೊಸದಾಗಿ, ಟ್ರಾನ್ಸ್‌ಫರ್ ಕೇಸ್ ಹಳೆಯದಾಗಿಯೇ ಉಳಿದರೆ ಅರ್ಧ ಕೆಲಸವಾದಂತೆ.

ಆಯಿಲಿನ ವಿಷಯದಲ್ಲಿ ಅಂಗಡಿಯವರು ಕೊಟ್ಟದ್ದನ್ನು ಕಣ್ಣು ಮುಚ್ಚಿ ಹಾಕಿಸುವ ಅಭ್ಯಾಸ ಬಿಡಬೇಕು. ಡಬ್ಬಿಯ ಮೇಲೆ ಆಯಿಲಿನ ದಪ್ಪ ಸೂಚಿಸುವ 90 ಎಂದಿದ್ದರೆ ಸಾಲದು, ದರ್ಜೆ ಜಿಎಲ್-4 ಎಂದಿದೆಯೇ ಜಿಎಲ್-5 ಎಂದಿದೆಯೇ ನೋಡಬೇಕು. ಆಕ್ಸಲಿನ ಡಿಫರೆನ್ಷಿಯಲ್ಲಿಗೆ ಒಪ್ಪುವ ಜಿಎಲ್-5 ಆಯಿಲಿನಲ್ಲಿ ಗಂಧಕ ಮತ್ತು ರಂಜಕದ ಅಂಶ ಹೆಚ್ಚಿರುವುದರಿಂದ ಕೆಲವು ಆಯಿಲುಗಳು ಹಿತ್ತಾಳೆಯ ರಿಂಗುಗಳನ್ನು ಕಾಲಕ್ರಮದಲ್ಲಿ ತಿನ್ನುತ್ತವೆ. ಹಿತ್ತಾಳೆ ರಿಂಗಿರುವ ಹಳೆಯ ಗೇರ್‌ಬಾಕ್ಸಿಗೆ ಜಿಎಲ್-4 ಹಾಕುವುದೇ ಕ್ಷೇಮ. ಹೊಸದಾಗಿ ಜೋಡಿಸಿದ ಪೆಟ್ಟಿಗೆಯ ಮೊದಲ ಆಯಿಲನ್ನು ಬೇಗನೆ ಇಳಿಸಿ ಬೇರೆ ಹಾಕಬೇಕು, ಏಕೆಂದರೆ ಹೊಸ ಭಾಗಗಳು ಹೊಂದಿಕೊಳ್ಳುವಾಗ ಬಿಡುವ ಪುಡಿಯೆಲ್ಲ ಅದರಲ್ಲೇ ಇರುತ್ತದೆ. ಎರಡು ಪೆಟ್ಟಿಗೆಗಳ ನಡುವಿನ ಸೀಲ್ ಸೋತಿದ್ದರೆ ಒಂದರ ಆಯಿಲ್ ಇನ್ನೊಂದಕ್ಕೆ ಹರಿದು, ಒಂದರಲ್ಲಿ ಮಟ್ಟ ಮೀರಿ ಇನ್ನೊಂದು ಒಣಗುತ್ತದೆ. ಆದ್ದರಿಂದ ಎರಡರ ಮಟ್ಟವನ್ನೂ ಪ್ರತ್ಯೇಕವಾಗಿ ನೋಡಬೇಕು.

ಈ ಕೆಲಸ ಬಲ್ಲ ಮೆಕ್ಯಾನಿಕ್ಕುಗಳು ನಮ್ಮ ಜಿಲ್ಲೆಯಲ್ಲಿ ಇನ್ನೂ ಇದ್ದಾರೆ. ಶಿವಮೊಗ್ಗದ ಸಾಗರ ರಸ್ತೆಯ ಆಟೋ ಕಾಂಪ್ಲೆಕ್ಸಿನಲ್ಲಿ ವಿಚಾರಿಸಿದರೆ ಹಳೆಯ ಜೀಪಿನ ಪೆಟ್ಟಿಗೆ ಯಾರ ಕೈಯಲ್ಲಿ ಸರಿಹೋಗುತ್ತದೆಂದು ಹೇಳುತ್ತಾರೆ. ಶಾಫ್ಟು, ಬುಷ್ಷು, ವಾಷರುಗಳನ್ನು ಅಳತೆಗೆ ಸರಿಯಾಗಿ ಮಾಡಿಕೊಡುವ ಯಂತ್ರಗಳು ಮಾಚೇನಹಳ್ಳಿಯ ಕೈಗಾರಿಕಾ ಪ್ರದೇಶದಲ್ಲಿವೆ. ಆದರೆ ಈ ಮೆಕ್ಯಾನಿಕ್ಕುಗಳಲ್ಲಿ ಹೆಚ್ಚಿನವರು ವಯಸ್ಸಾದವರು, ಅವರ ಬಳಿ ಕಲಿಯುವ ಹುಡುಗರು ಕಡಿಮೆ. ಐಟಿಐಗಳಲ್ಲಿ ಮೋಟಾರು ವಾಹನ ಮೆಕ್ಯಾನಿಕ್ ತರಬೇತಿ ಎರಡು ವರ್ಷ ಇರುತ್ತದೆ. ಆ ಅವಧಿಯಲ್ಲಿ ಪ್ರತಿ ವಿದ್ಯಾರ್ಥಿಯೂ ಒಂದು ಸವೆದ ಗೇರ್‌ಬಾಕ್ಸನ್ನು ತಾನೇ ಬಿಚ್ಚಿ, ಅಳೆದು, ಅಳತೆಗಳನ್ನು ಹಾಳೆಯಲ್ಲಿ ಬರೆದು, ಮತ್ತೆ ಜೋಡಿಸಿ, ಗಾಡಿಗೆ ಏರಿಸಿ ಓಡಿಸಿ ನೋಡುವಂತೆ ಜಿಲ್ಲೆಯ ಸಂಸ್ಥೆಗಳು ವ್ಯವಸ್ಥೆ ಮಾಡಬೇಕು. ಕತ್ತರಿಸಿ ಬಣ್ಣ ಬಳಿದು ಮೇಜಿನ ಮೇಲೆ ನಿಲ್ಲಿಸಿದ ಮಾದರಿಯನ್ನು ನೋಡಿದ ಮಾತ್ರಕ್ಕೆ ಸವೆತವನ್ನು ಕೈಯಲ್ಲಿ ಗುರುತಿಸಲು ಬರುವುದಿಲ್ಲ.

ಗ್ಯಾರೇಜಿನ ಮಾಲೀಕರಲ್ಲಿಯೂ ಒಂದು ಕೋರಿಕೆ ಇದೆ. ಗೇರ್‌ಬಾಕ್ಸ್ ಕೆಲಸಕ್ಕೆ ಬಿಲ್ಲಿನ ಜೊತೆ ಒಂದು ಅಳತೆಯ ಹಾಳೆಯನ್ನೂ ಕೊಡಿ: ಲೇ ಗೇರಿನ ಸಂದು ಎಷ್ಟಿತ್ತು, ಈಗ ಎಷ್ಟಿದೆ, ಶಾಫ್ಟಿನ ಅಳತೆ ಎಷ್ಟು, ಯಾವ ಯಾವ ಭಾಗ ಬದಲಾಯಿತು, ಯಾವ ಆಯಿಲ್ ಹಾಕಲಾಯಿತು. ತೆಗೆದ ಹಳೆಯ ಭಾಗಗಳನ್ನು ಚೀಲದಲ್ಲಿ ಕಟ್ಟಿ ಮಾಲೀಕರಿಗೇ ಒಪ್ಪಿಸಿ. ಹಣ ಕೊಡುವವರೂ ಇವೆರಡನ್ನು ಕೇಳಿ ಪಡೆಯಬೇಕು. ಹಾಳೆ ಕೈಯಲ್ಲಿದ್ದರೆ ಮುಂದಿನ ಸಲ ಪೆಟ್ಟಿಗೆ ಬಿಚ್ಚುವವರು, ಅದು ಯಾರೇ ಆಗಿರಲಿ, ಮೊದಲಿನಿಂದ ಊಹೆ ಮಾಡುತ್ತ ಕೂರಬೇಕಾಗುವುದಿಲ್ಲ.

ನಮ್ಮ ಜೀಪಿನಿಂದ ತೆಗೆದ ಗುಂಡಿ ಬಿದ್ದ ಶಾಫ್ಟು, ಮೊಂಡಾದ ಎರಡನೇ ಗೇರು, ಸವೆದ ರಿಂಗು, ಫೋರ್ಕುಗಳೆಲ್ಲ ನನ್ನ ಬಳಿ ಇವೆ. ಹಳೆಯದೊಂದು ಖಾಲಿ ಕವಚವೂ ಇದೆ. ಜಿಲ್ಲೆಯ ಯಾವುದೇ ಐಟಿಐ ಅಥವಾ ಪಾಲಿಟೆಕ್ನಿಕ್ ಇವನ್ನು ಪಾಠಕ್ಕೆ ಬಳಸುವುದಾದರೆ ಉಚಿತವಾಗಿ ಕೊಡಲು ಸಿದ್ಧನಿದ್ದೇನೆ. ತಮ್ಮ ಪತ್ರಿಕಾ ಕಚೇರಿಯ ಮೂಲಕ ತಿಳಿಸಿದರೆ ನಾನೇ ತಂದು ತಲುಪಿಸುತ್ತೇನೆ.

ಇಂತಿ ತಮ್ಮ ವಿಶ್ವಾಸಿ,
ಅಡಿಕೆ ಬೆಳೆಗಾರ, ಹೊಸನಗರ ತಾಲ್ಲೂಕು, ಶಿವಮೊಗ್ಗ ಜಿಲ್ಲೆ